ಕ್ಯಾರಟ್ ಲೆಕ್ಕ ಬಿಡಿ ಸ್ವಾಮಿ, ಲ್ಯಾಬ್ ವಜ್ರದ ಫೈಲು ಚಿಪ್ ಟೇಬಲ್ಲಿಗೂ ಬರ್ಲಿ

ಕೇಂದ್ರ ವಾಣಿಜ್ಯ ಸಚಿವಾಲಯದವರಿಗೆ, ಹಾಗೇ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದವರಿಗೆ,

ಮಾನ್ಯರೇ, ನಮಸ್ಕಾರ. ಇಬ್ರಿಗೂ ಬೇರೆ ಬೇರೆ ಪತ್ರ ಬರೀಬಹುದಿತ್ತು, ಬೇಕಂತಲೇ ಒಂದೇ ಬರ್ದಿದೀನಿ. ಒಂದೇ ಹಾಳೇನ ಇಬ್ರೂ ಓದ್ಲಿ ಅಂತ. ಯಾಕೆ ಅಂತ ಓದ್ತಾ ಓದ್ತಾ ಗೊತ್ತಾಗುತ್ತೆ.

ನಾನು ಪೀಣ್ಯದಲ್ಲಿ ಪವರ್ ಎಲೆಕ್ಟ್ರಾನಿಕ್ಸ್ ಕೆಲಸ ಮಾಡೋನು, ಹದಿನೇಳು ವರ್ಷ ಆಯ್ತು. ಇನ್ವರ್ಟರ್, ಚಾರ್ಜರ್, ಪವರ್ ಸಪ್ಲೈ, ಇಂಥವು. ಹೆಸರಿಗೆ ಡಿಸೈನ್ ಇಂಜಿನಿಯರ್, ಮಾಡೋದು ಮಾತ್ರ ಬೆಳಗ್ಗಿಂದ ಸಂಜೆ ತನಕ ಬಿಸಿ ಜೊತೆ ಗುದ್ದಾಟ. ಎಲ್ಲಿ ಬಿಸಿ ಆಗ್ತಿದೆ, ಎಷ್ಟು ಆಗ್ತಿದೆ, ಹೀಟ್‌ಸಿಂಕ್ ಸಾಕಾ, ಫ್ಯಾನ್ ದೊಡ್ಡದು ಹಾಕ್ಬೇಕಾ, ಪೇಸ್ಟ್ ಸರಿಯಾಗಿ ಹಚ್ಚಿದಾರಾ ಇಲ್ವಾ, ಕಸ್ಟಮರ್ ಮೇ ತಿಂಗಳಲ್ಲಿ ಕಲಬುರಗಿಲಿ ತಗಡಿನ ಶೆಡ್ ಒಳಗೆ ಇಟ್ಟು ಫುಲ್ ಲೋಡಲ್ಲಿ ಓಡಿಸಿದ್ರೆ ಏನ್ ಗತಿ, ಇದೇ. ನಮ್ಮ ಲೈನಲ್ಲಿ ಸರ್ಕ್ಯೂಟ್ ತಪ್ಪಾಗಿ ಸತ್ತ ಬೋರ್ಡ್‌ಗಿಂತ ಬಿಸಿಗೆ ಸತ್ತ ಬೋರ್ಡ್ ಜಾಸ್ತಿ.

ಹೀಗಿರೋನಿಗೆ ಒಂದು ಹೊಸ ಮಾಡ್ಯೂಲ್‌ಗೆ ವಜ್ರದ ಪ್ಲೇಟು ಹಾಕಿ ನೋಡ್ಬೇಕು ಅಂತ ತಲೇಗೆ ಬಂತು. ಉಂಗುರದ ವಜ್ರ ಅಲ್ಲ. ಪ್ಲೇಟು, ಹತ್ತು ಮಿಲಿಮೀಟರ್ ಉದ್ದ ಅಷ್ಟೇ ಅಗಲ, ಅರ್ಧ ಮಿಲಿಮೀಟರ್ ದಪ್ಪ. ಟ್ರಾನ್ಸಿಸ್ಟರ್ ಕೆಳಗೆ ಇಟ್ರೆ ಒಂದೇ ಚುಕ್ಕೇಲಿ ಸೇರ್ಕೊಳ್ಳೋ ಬಿಸೀನ ಸುತ್ತ ಹರಡಿಸ್ಬಿಡುತ್ತೆ. ಮೊದ್ಲು ಸೂರತ್‌ಗೇ ಫೋನ್ ಮಾಡ್ದೆ. ಜಗತ್ತಿನ ಹತ್ತು ವಜ್ರದಲ್ಲಿ ಒಂಬತ್ತನ್ನ ಪಾಲಿಶ್ ಮಾಡೋ ಊರು, ಲ್ಯಾಬ್ ವಜ್ರ ಬೆಳೆಯೋ ಮಶೀನು ಸಾಲುಸಾಲಾಗಿ ಇರೋ ಊರು, ಅಲ್ಲಿ ಸಿಗದೆ ಇನ್ನೆಲ್ಲಿ ಸಿಗುತ್ತೆ? ಫೋನ್ ಎತ್ತಿದೋರು ಒಳ್ಳೇ ಮನುಷ್ಯ, ಪಾಪ, ತಾಳ್ಮೆಯಿಂದ ಕೇಳಿದ್ರು: ಎಷ್ಟು ಕ್ಯಾರಟ್ ಬೇಕು ಭಾಯ್, ಯಾವ ಕಲರ್, ಯಾವ ಕ್ಲಾರಿಟಿ? ನಾನಂದೆ ಕಲರ್ ಯಾವ್ದಾದ್ರೂ ಸರಿ, ಕಪ್ಪಗಿದ್ರೂ ಸರಿ, ಅದರ ಥರ್ಮಲ್ ಕಂಡಕ್ಟಿವಿಟಿ, ಅಂದ್ರೆ ಶಾಖ ಹರಿಸೋ ತಾಕತ್ತು, ಎಷ್ಟು ಅಂತ ಹೇಳಿ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಂದ್ರು, ಅದನ್ನ ನಾವು ಯಾವತ್ತೂ ಅಳೆದಿಲ್ಲ, ಇವತ್ತಿನವರೆಗೂ ಯಾರೂ ಕೇಳಿಲ್ಲ. ಅವರದೇನೂ ತಪ್ಪಿಲ್ಲ. ಕೇಳದೆ ಇರೋ ಸಾಮಾನನ್ನ ಯಾರು ಅಳೀತಾರೆ?

ಸರಿ ಅಂತ ಹೊರದೇಶದಿಂದ ಎರಡು ಸ್ಯಾಂಪಲ್ ತರಿಸಿದ್ವಿ. ಅಲ್ಲಿಂದ ಬೆಂಗಳೂರಿಗೆ ನಾಲ್ಕು ದಿನದಲ್ಲಿ ಬಂತು, ಏರ್‌ಪೋರ್ಟಿಂದ ಪೀಣ್ಯಕ್ಕೆ ಬರೋಕೆ 41 ದಿನ. ಕಸ್ಟಮ್ಸಲ್ಲಿ ಕೂತ್ಕೊಂತು. ಪೇಪರಲ್ಲಿ ಡೈಮಂಡ್ ಅಂತ ಇದೆಯಲ್ಲ, ಅಷ್ಟು ಸಾಕು. ವ್ಯಾಲ್ಯೂಯೇಶನ್ ಸರ್ಟಿಫಿಕೇಟ್ ಎಲ್ಲಿ, ಕ್ಯಾರಟ್ ಎಷ್ಟು, ಒಡವೆ ವ್ಯಾಪಾರದ ರಿಜಿಸ್ಟ್ರೇಶನ್ ಇದೆಯಾ ಅಂತ ಒಂದೊಂದೇ ಪ್ರಶ್ನೆ. ನಮ್ಮ ಕ್ಲಿಯರಿಂಗ್ ಏಜೆಂಟು ಹೋಗಿ ಸಾರ್ ಇದು ಹೀಟ್‌ಸಿಂಕ್ ಸಾರ್ ಅಂದ್ರೆ, ವಜ್ರದ ಹೀಟ್‌ಸಿಂಕ್ ಅಂತ ಕಥೆ ಹೇಳ್ತೀಯಾ ಅನ್ನೋ ಥರ ನೋಡಿದ್ರಂತೆ. ಯಾವ ಆಫೀಸು, ಯಾವ ಅಧಿಕಾರಿ ಅಂತ ಹೇಳೋ ಉದ್ದೇಶ ನನಗಿಲ್ಲ, ಅವರ ಮುಂದಿದ್ದ ಪುಸ್ತಕದಲ್ಲಿ ಹಂಗೇ ಬರ್ದಿದೆ. ಸುಂಕದ ಪಟ್ಟೀಲಿ ಸಿಂಥೆಟಿಕ್ ವಜ್ರ ಇರೋದು 71ನೇ ಅಧ್ಯಾಯದಲ್ಲಿ. ಮುತ್ತು, ರತ್ನ, ಚಿನ್ನ, ಬೆಳ್ಳಿ, ಬಳೆ, ಸರ, ಎಲ್ಲಾ ಅದೇ ಅಧ್ಯಾಯ. ಚಿಪ್ಪುಗಳು 85ನೇ ಅಧ್ಯಾಯ, ಚಿಪ್ಪಿಗೆ ಅಂತ ಬೇರೆ ಅಣು ಬೆರೆಸಿದ ವೇಫರ್ರು, ಅಂದ್ರೆ ಚಿಪ್ಪು ಮಾಡೋ ತೆಳು ಬಿಲ್ಲೆ, 38. ಅಂದ್ಮೇಲೆ ನನ್ನ ಪ್ಲೇಟು ಕಾನೂನಿನ ಪ್ರಕಾರ ಮೂಗುಬಟ್ಟಿನ ಕಡೆ ನೆಂಟ.

ಕೊನೆಗೂ ಡಬ್ಬಿ ಬಂತು, ತೆಗೆದ್ವಿ. ನೋಡೋಕೆ ಏನೂ ಇಲ್ಲ ಸ್ವಾಮಿ. ಕಪ್ಪಗೆ, ಒಡೆದ ಸ್ಲೇಟಿನ ಚೂರಿನ ಥರ. ನಮ್ಮ ಸ್ಟೋರ್ಸಲ್ಲಿರೋ ಮಂಜಕ್ಕ ಕೈಗೆ ತಗೊಂಡು ತಿರುಗಿಸಿ ನೋಡಿ, ಇದಕ್ಕಾ ಒಂದೂವರೆ ತಿಂಗಳು ಒದ್ದಾಡಿದ್ದು ಅಂದ್ರು. ಪ್ಯಾಂಟ್ರಿ ಫ್ರಿಜ್ಜಿಂದ ಒಂದು ಐಸ್ ಕ್ಯೂಬ್ ತರಿಸಿ ತಟ್ಟೇಲಿಟ್ಟೆ. ಅಕ್ಕ, ಈ ಪ್ಲೇಟಿನ ಒಂದು ಅಂಚನ್ನ ಬೆರಳಲ್ಲಿ ಗಟ್ಟಿಯಾಗಿ ಹಿಡ್ಕೊಂಡು ಇನ್ನೊಂದು ಅಂಚನ್ನ ಐಸ್ ಮೇಲೆ ಒತ್ತಿ ಅಂದೆ. ಒತ್ತಿದ್ರು. ಬಿಸಿ ಮಾಡಿದ ಚಾಕು ಬೆಣ್ಣೆಗೆ ಇಳಿದಂಗೆ ಇಳೀತು, ಒತ್ತಡವೇ ಬೇಕಾಗ್ಲಿಲ್ಲ, ಮತ್ತೆ ಅದೇ ಕ್ಷಣಕ್ಕೆ ಅವರು ಅಯ್ಯೋ ತಣ್ಣಗೆ ಅಂತ ಕೈ ಎಳ್ಕೊಂಡ್ರು. ಪ್ಲೇಟು ಬಿಸಿ ಇರ್ಲಿಲ್ಲ. ಬಿಸಿ ಇದ್ದಿದ್ದು ಮಂಜಕ್ಕನ ಬೆರಳು. ಬೆರಳಿನ ಶಾಖ ವಜ್ರದೊಳಗೆ ಓಡಿ ಹೋಗಿ ಐಸ್ ಕರಗಿಸ್ತು. ಆಮೇಲೆ ಇಡೀ ಪ್ರೊಡಕ್ಷನ್ ಫ್ಲೋರ್ ಸಾಲಾಗಿ ಬಂದು ಐಸ್ ಕೊಯ್ದು ಹೋದ್ರು, ಅವತ್ತು ಮಧ್ಯಾಹ್ನ ಕೆಲಸ ಆಗ್ಲಿಲ್ಲ.

ಲೆಕ್ಕ ಹೇಳ್ಬಿಡ್ತೀನಿ. ಶಾಖ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ ನಮ್ಮ ಅಳತೆ ಮೀಟರಿಗೆ ಕೆಲ್ವಿನ್ನಿಗೆ ಇಷ್ಟು ವ್ಯಾಟ್ ಅಂತ. ಸಿಲಿಕಾನ್‌ಗೆ ಸುಮಾರು 150. ತಾಮ್ರಕ್ಕೆ 400. ಒಳ್ಳೇ ವಜ್ರಕ್ಕೆ 2000ದ ಮೇಲೆ. ನಾವು ಚಿಪ್ಪಿಗೂ ಹೀಟ್‌ಸಿಂಕ್‌ಗೂ ನಡುವೆ ಹಚ್ಚೋ ಬಿಳಿ ಪೇಸ್ಟ್ ಇದೆಯಲ್ಲ, ಅದಕ್ಕೆ ಹತ್ತೂ ಇರಲ್ಲ, ಅದರ ಕಥೆ ಬಿಡಿ. ತಾಮ್ರ ಶಾಖ ಒಯ್ಯೋದು ಎಲೆಕ್ಟ್ರಾನ್ ಹೊತ್ಕೊಂಡು ಓಡೋದ್ರಿಂದ, ಅದಕ್ಕೇ ತಾಮ್ರದಲ್ಲಿ ಕರೆಂಟೂ ಹರಿಯುತ್ತೆ. ವಜ್ರದಲ್ಲಿ ಹಂಗಲ್ಲ. ಕಾರ್ಬನ್ ಅಣು ಹಗುರ, ಒಂದಕ್ಕೊಂದು ಹಿಡ್ಕೊಂಡಿರೋ ಬಿಗಿ ಭಯಂಕರ ಗಟ್ಟಿ, ಹಾಗಾಗಿ ಒಂದು ಕಡೆ ಅಲುಗಾಡಿದ್ರೆ ಆ ನಡುಕ ಎಲ್ಲೂ ಎಡವದೆ ಇನ್ನೊಂದು ತುದಿಗೆ ಹೋಗುತ್ತೆ. ಶಾಖ ಹರಿಯುತ್ತೆ, ಕರೆಂಟ್ ಹರಿಯಲ್ಲ. ನಮ್ಮಂಥೋರಿಗೆ ಇದಕ್ಕಿಂತ ಇನ್ನೇನು ಬೇಕು, ಟ್ರಾನ್ಸಿಸ್ಟರ್‌ಗೆ ಅಂಟಿಸಿದ್ರೂ ಶಾರ್ಟ್ ಆಗಲ್ಲ.

ಇದು ಯಾಕೆ ಈಗ ಅರ್ಜೆಂಟ್ ಅಂದ್ರೆ, ಎಐ ಎಐ ಅಂತ ಎಲ್ಲಾರೂ ಕೂಗ್ತಿದೀವಲ್ಲ, ಅದರ ಹಿಂದಿರೋ ಎನ್‌ವಿಡಿಯಾ ಎಚ್100 ಅನ್ನೋ ಚಿಪ್ಪು 814 ಚದರ ಮಿಲಿಮೀಟರ್, ಒಂದು ಅಂಚೆಚೀಟಿಯಷ್ಟು. ಅದು ಸರ್ವರಲ್ಲಿ ಎಳೆಯೋದು 700 ವ್ಯಾಟ್. ನಿಮ್ಮ ಮನೆ ಮಿಕ್ಸಿ 750 ವ್ಯಾಟ್ ಇರುತ್ತೆ, ಚಟ್ನಿ ರುಬ್ಬೋಕೆ ಎರಡು ನಿಮಿಷ ಓಡುತ್ತೆ. ಈ ಚಿಪ್ಪು ಹಗಲೂ ರಾತ್ರಿ ಓಡ್ಬೇಕು, ಎಳೆದ ಕರೆಂಟೆಲ್ಲಾ ಕೊನೆಗೆ ಬಿಸಿಯಾಗಿ, ಹೆಚ್ಚುಪಾಲು ಆ ಅಂಚೆಚೀಟಿಯಿಂದ್ಲೇ, ಹೊರಗೆ ಬರ್ಬೇಕು. ಅದರ ನಂತರ ಬಂದ ತಲೆಮಾರು ಸಾವಿರ ವ್ಯಾಟ್ ಮುಟ್ಟಿದೆ, ಅಂದ್ರೆ ಒಂದು ಇಸ್ತ್ರಿಪೆಟ್ಟಿಗೆ. ಇನ್ನು ಚಿಪ್ಪಿನ ಮೇಲೆ ಚಿಪ್ಪು ಪೇರಿಸಿ ಕಟ್ತಾರಂತೆ, ನಡುವಿನ ಮಹಡೀಲಿರೋ ಚಿಪ್ಪಿನ ಬಿಸಿ ಎತ್ಲಾಗೆ ಹೋಗ್ಬೇಕು ಹೇಳಿ? ಸ್ಟ್ಯಾನ್‌ಫರ್ಡಲ್ಲಿ ಶ್ರಬಂತಿ ಚೌಧುರಿ ಅಂತ ಪ್ರೊಫೆಸರ್ ಇದಾರೆ, ಅವರ ತಂಡ ಸುಮಾರು 400 ಡಿಗ್ರೀಲೇ ವಜ್ರದ ಪದರವನ್ನ ನೇರ ಚಿಪ್ಪಿನ ಮೇಲೇ ಬೆಳೆಸೋ ದಾರಿ ಮಾಡಿದೆ. ಸಾಮಾನ್ಯವಾಗಿ ವಜ್ರ ಬೆಳೆಯೋಕೆ 800, 900 ಡಿಗ್ರಿ ಬೇಕು, ಅಷ್ಟು ಕಾಯಿಸಿದ್ರೆ ಚಿಪ್ಪಿನ ಒಳಗಿನ ಲೋಹದ ತಂತಿಗಳು ಹಾಳಾಗ್ತವೆ, 400 ಆದ್ರೆ ತಡ್ಕೊಳ್ಳುತ್ತೆ. ಇಡೀ ಆಟ ಇರೋದು ಆ ಡಿಗ್ರೀಲಿ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ನಾಳೆ ಯಾರೂ ನನ್ನನ್ನ ಬೈಬಾರ್ದು. ವಜ್ರ ಬಿಸೀನ ಮಾಯ ಮಾಡಲ್ಲ. 700 ವ್ಯಾಟ್ ಒಳಗೆ ಹೋದ್ರೆ 700 ವ್ಯಾಟೇ ಹೊರಗೆ ಬರುತ್ತೆ. ವಜ್ರ ಮಾಡೋದು ಇಷ್ಟೇ, ಒಳಗೆ ಗುಂಪುಕಟ್ಟಿದ ಬಿಸೀನ ಬೇಗ ಬಾಗಿಲಿಗೆ ದಾಟಿಸೋದು. ಹಂಗಾದಾಗ ಸ್ವಲ್ಪ ಬೆಚ್ಚಗಿರೋ ನೀರಲ್ಲೂ ಚಿಪ್ಪು ತಣ್ಣಗಿರುತ್ತೆ, ನೀರು ತಣ್ಣಗೆ ಮಾಡೋ ಚಿಲ್ಲರ್ ಮಶೀನು ಕಡಿಮೆ ಓಡಿಸ್ಬಹುದು. 2024ರ ಬೇಸಿಗೇಲಿ ಬಿಂದಿಗೆ ಹಿಡ್ಕೊಂಡು ಟ್ಯಾಂಕರಿಗೆ ಕಾದ ಬೆಂಗಳೂರಿನವರಿಗೆ, ಡೇಟಾ ಸೆಂಟರ್ ತಣ್ಣಗಿಡೋಕೆ ಎಷ್ಟು ನೀರು ಬೇಕು ಅನ್ನೋ ಪ್ರಶ್ನೆ ಬರೀ ಟೆಕ್ನಿಕಲ್ ಪ್ರಶ್ನೆ ಅಲ್ಲ.

ಇನ್ನೊಂದು ಎಚ್ಚರಿಕೆ. ಸಿಲಿಕಾನ್ ಕಾಲ ಮುಗೀತು, ಇನ್ಮೇಲೆ ವಜ್ರದ ಪ್ರೊಸೆಸರ್ ಅಂತ ವಿಡಿಯೋಗಳು ಬರ್ತವೆ, ನಿಮ್ಮ ಟೇಬಲ್ಲಿಗೂ ಅಂಥ ಪ್ರಸ್ತಾವನೆ ಬಂದೇ ಬರುತ್ತೆ. ದಯವಿಟ್ಟು ನಂಬ್ಬೇಡಿ. ಟ್ರಾನ್ಸಿಸ್ಟರ್ ಮಾಡೋಕೆ ಬೇರೆ ಅಣು ಬೆರೆಸ್ಬೇಕು, ಡೋಪಿಂಗ್ ಅಂತಾರೆ. ಸಿಲಿಕಾನ್‌ಗೆ ಬೋರಾನ್ ಬೆರೆಸಿದ್ರೆ ಅದನ್ನ ಎಬ್ಬಿಸೋಕೆ 0.045 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಒಂದು ಪುಟ್ಟ ಅಳತೆ) ಸಾಕು, ರೂಮಿನ ಬಿಸಿಗೇ ಎದ್ದು ಕೂತ್ಕೊಳ್ಳುತ್ತೆ. ವಜ್ರಕ್ಕೆ ಬೋರಾನ್ ಬೆರೆಸಿದ್ರೆ 0.37 ಬೇಕು, ಇನ್ನೊಂದು ಜಾತಿ, ಅಂದ್ರೆ ಎನ್ ಜಾತಿ ಟ್ರಾನ್ಸಿಸ್ಟರಿಗೆ ಅಂತ ರಂಜಕ ಬೆರೆಸಿದ್ರೆ 0.57. ಅಂದ್ರೆ ಬೆರೆಸಿದ ಅಣುಗಳಲ್ಲಿ ಹೆಚ್ಚುಪಾಲು ಹೊದ್ಕೊಂಡು ಮಲಗೇ ಇರ್ತವೆ, ಕರೆಂಟ್ ಹೊರೋಕೆ ಆಳೇ ಸಿಗಲ್ಲ. ಎರಡೂ ಜಾತಿ ಟ್ರಾನ್ಸಿಸ್ಟರ್ ಜೋಡಿ ಮಾಡದೆ ಈಗಿನ ಥರ ಪ್ರೊಸೆಸರ್ ಆಗಲ್ಲ, ಎನ್ ಚಾನೆಲ್ ಜಾತಿಯ ವಜ್ರದ ಮಾಸ್‌ಫೆಟ್ ಅನ್ನೋ ಟ್ರಾನ್ಸಿಸ್ಟರನ್ನ ಜಪಾನಿನ ನಿಮ್ಸ್ ಸಂಸ್ಥೆಯವರು ಮಾಡಿ ತೋರಿಸಿದ್ದೇ 2024ರಲ್ಲಿ. ಇನ್ನು ಸೈಜು. ಸಿಲಿಕಾನ್ ವೇಫರ್ 300 ಮಿಲಿಮೀಟರ್, ನಮ್ಮ ದೋಸೆ ಹಂಚಷ್ಟು ಅಗಲ. ಜರ್ಮನಿಯ ಆಗ್ಸ್‌ಬರ್ಗಲ್ಲಿ 2017ರಲ್ಲಿ ಒಂದೇ ಹರಳಿನ 92 ಮಿಲಿಮೀಟರ್ ವಜ್ರದ ಬಿಲ್ಲೆ ಮಾಡಿದ್ದೇ ದೊಡ್ಡ ಸುದ್ದಿ ಆಯ್ತು, ಆಮೇಲೆ ಅಮೆರಿಕದ ಡೈಮಂಡ್ ಫೌಂಡ್ರಿ 2023ರಲ್ಲಿ 100 ಮಿಲಿಮೀಟರ್ ಅಂತು. ಮೊಬೈಲ್ ಒಳಗೆ ವಜ್ರದ ಪ್ರೊಸೆಸರ್ ನನ್ನ ಸರ್ವೀಸಲ್ಲಂತೂ ಬರಲ್ಲ.

ಆದ್ರೆ ಮಲಗಿರೋ ಆ ಅಣುಗಳು ಬಿಸೀಲಿ ಏಳ್ತವೆ. ಸಿಲಿಕಾನ್ ಕೈಚೆಲ್ಲೋ ಜಾಗದಲ್ಲೇ ವಜ್ರಕ್ಕೆ ಲಾಭ. ಅದರ ಬ್ಯಾಂಡ್‌ಗ್ಯಾಪ್, ಅಂದ್ರೆ ಎಲೆಕ್ಟ್ರಾನನ್ನ ಬಿಡಿಸಿ ಕರೆಂಟ್ ಹೊರೋಕೆ ಹಚ್ಚಲು ಬೇಕಾಗೋ ಶಕ್ತಿ, ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ದು 1.1. ಹೈ ವೋಲ್ಟೇಜ್, ಹೈ ಟೆಂಪರೇಚರ್, ರೇಡಿಯೇಶನ್, ಇಂಥ ಕಡೆ ಅದು ಕುಗ್ಗಲ್ಲ. ಜಪಾನಿನವರು ಇದನ್ನ ಎಲ್ಲಿಗೆ ತಗೊಂಡು ಹೋಗ್ತಿದಾರೆ ಗೊತ್ತಾ? ಫುಕುಶಿಮಾಗೆ. 2011ರಲ್ಲಿ ಕರಗಿ ಕೂತ ಆ ರಿಯಾಕ್ಟರ್ ಒಳಗೆ ಇಳಿಸೋ ಉಪಕರಣಕ್ಕೆ ಸಿಲಿಕಾನ್ ಚಿಪ್ಪು ಬಾಳಿಕೆ ಬರಲ್ಲ ಅಂತ ವಜ್ರದ ಟ್ರಾನ್ಸಿಸ್ಟರ್ ಮಾಡೋ ಒಂದು ಕಂಪನಿ ಶುರುವಾಗಿದೆ, ಫ್ಯಾಕ್ಟರಿಗೆ ಜಾಗ ಆರಿಸಿದ್ದು ಅದೇ ಅಣುಸ್ಥಾವರ ಇರೋ ಓಕುಮಾ ಊರಲ್ಲಿ. ಕೆಲಸ ಎಲ್ಲಿದೆಯೋ ಅಲ್ಲೇ ಅಂಗಡಿ ಇಟ್ಟಿದಾರೆ.

ಹಾಗಾಗಿ ಸಾಲು ಹೀಗೆ: ಮೊದ್ಲು ತಣ್ಣಗೆ ಮಾಡೋ ಪ್ಲೇಟು, ಅದು ಇವತ್ತೇ ಆಗ್ತಿದೆ. ಆಮೇಲೆ ರೇಡಾರು. ಆಮೇಲೆ ಪವರ್ ಟ್ರಾನ್ಸಿಸ್ಟರ್, ಅದಕ್ಕೆ ವರ್ಷಗಳು ಹಿಡೀತವೆ. ಪ್ರೊಸೆಸರ್ ಕೊನೇಗೆ, ಬಂದ್ರೆ. ರೇಡಾರ್ ಅಂದಾಗ ನೆನಪಾಯ್ತು, ರೇಡಾರಲ್ಲಿ ಬಳಸೋ ಗ್ಯಾಲಿಯಂ ನೈಟ್ರೈಡ್ ಚಿಪ್ಪನ್ನ ವಜ್ರದ ಮೇಲೆ ಕೂರಿಸಿದ್ರೆ ಅಷ್ಟೇ ಜಾಗದಲ್ಲಿ ಮೂರು ಪಟ್ಟು ಪವರ್ ತೆಗೀಬಹುದು ಅಂತ ಅಮೆರಿಕದ ಮಿಲಿಟರಿ ಸಂಶೋಧನಾ ಸಂಸ್ಥೆ ಡಾರ್ಪಾ ದುಡ್ಡಲ್ಲಿ 2013ರ ಹೊತ್ತಿಗೇ ತೋರಿಸಿಯಾಗಿತ್ತು. ನಮ್ಮ ರೇಡಾರ್ ಡಿಸೈನ್ ಮಾಡೋ ಎಲ್‌ಆರ್‌ಡಿಇ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿದೆ, ಅದನ್ನ ತಯಾರು ಮಾಡೋ ಬಿಇಎಲ್ ಜಾಲಹಳ್ಳೀಲಿದೆ, ನನ್ನ ಫ್ಯಾಕ್ಟರಿಯಿಂದ ಟ್ರಾಫಿಕ್ ಇಲ್ದಿದ್ರೆ ಹದಿನೈದು ನಿಮಿಷ. ಟ್ರಾಫಿಕ್ ಇಲ್ದಿರೋ ದಿನ ಯಾವ್ದು ಅಂತ ಮಾತ್ರ ಕೇಳ್ಬೇಡಿ.

ಬೇರೆ ದೇಶದವರು ಈ ವಜ್ರಾನ ಏನಂತ ನೋಡ್ತಿದಾರೆ ಅನ್ನೋದನ್ನ ಅವರ ಗೆಜೆಟ್ಟಲ್ಲೇ ಓದ್ಬಹುದು. ಅಮೆರಿಕದ ವಾಣಿಜ್ಯ ಇಲಾಖೆ 2022ರ ಆಗಸ್ಟಲ್ಲಿ ವಜ್ರ ಮತ್ತೆ ಗ್ಯಾಲಿಯಂ ಆಕ್ಸೈಡ್ ಸೆಮಿಕಂಡಕ್ಟರ್ ಸಾಮಗ್ರೀನ ರಫ್ತು ನಿಯಂತ್ರಣದ ಪಟ್ಟಿಗೆ ಹಾಕ್ತು, ಮಿಲಿಟರಿಗೆ ಬಳಕೆಯಾಗುತ್ತೆ ಅಂತ. ಕೈಗಾರಿಕೆ ವಜ್ರದಲ್ಲಿ ಯಜಮಾನ ಆಗಿರೋ ಚೀನಾ 2025ರ ಅಕ್ಟೋಬರಲ್ಲಿ ಕೃತಕ ವಜ್ರದ ಕೆಲವು ಬಗೆಗಳಿಗೂ, ಅದನ್ನ ಬೆಳೆಯೋ ಸಾಧನಕ್ಕೂ ರಫ್ತು ಲೈಸೆನ್ಸ್ ಬೇಕು ಅಂತು, ಮುಂದಿನ ತಿಂಗಳೇ ಮಾತುಕತೆ ಆಗಿ ಒಂದು ವರ್ಷಕ್ಕೆ ತಡೆಹಿಡೀತು. ಡಿ ಬಿಯರ್ಸ್ ನೋಡಿ, ವಜ್ರ ಶಾಶ್ವತ ಅಂತ ನಮ್ಮ ತಲೇಲಿ ಕೂರಿಸಿದ ಕಂಪನಿ, ಅವರೇ 2018ರಲ್ಲಿ ಲೈಟ್‌ಬಾಕ್ಸ್ ಅಂತ ಲ್ಯಾಬ್ ವಜ್ರದ ಒಡವೆ ಶುರು ಮಾಡಿ ಕ್ಯಾರಟಿಗೆ 800 ಡಾಲರ್ ಇಟ್ರು, ರೇಟು ಬಿದ್ದು ಬಿದ್ದು 2025ರಲ್ಲಿ ಅಂಗಡಿ ಮುಚ್ತೀವಿ ಅಂದ್ರು, ಬೆಳೆಯೋ ಕಂಪನಿ ಎಲಿಮೆಂಟ್ ಸಿಕ್ಸನ್ನ ಮಾತ್ರ ಬಿಡ್ಲಿಲ್ಲ, ಅದನ್ನ ಕೈಗಾರಿಕೆ ವಜ್ರದ ಕಡೆ ತಿರುಗಿಸಿದ್ರು. ಒಡವೇಲಿ ದುಡ್ಡಿಲ್ಲ, ಟೆಕ್ನಾಲಜೀಲಿ ಇದೆ ಅಂತ ಅವರಿಗೇ ಅರ್ಥವಾಗಿದೆ.

ನಮ್ಮಲ್ಲಿ? 2023ರ ಬಜೆಟಲ್ಲಿ ಲ್ಯಾಬ್ ವಜ್ರದ ಹೆಸರು ಬಂತು, ಖುಷಿಯಾಯ್ತು. ಸೀಡ್, ಅಂದ್ರೆ ಲ್ಯಾಬ್ ವಜ್ರ ಬೆಳೆಯೋಕೆ ಬೀಜದಂಗೆ ಇಡೋ ವಜ್ರದ ಚೂರು, ಅದರ ಮೇಲಿದ್ದ 5 ಪರ್ಸೆಂಟ್ ಸುಂಕ ಸೊನ್ನೆ ಆಯ್ತು, ಸೀಡೂ ಮಶೀನೂ ಇಲ್ಲೇ ಮಾಡೋಣ ಅಂತ ಮದ್ರಾಸ್ ಐಐಟಿಗೆ ಐದು ವರ್ಷಕ್ಕೆ ಸುಮಾರು 243 ಕೋಟಿ ಕೊಟ್ರಿ. ಒಳ್ಳೇ ಕೆಲಸ, ಇದರಲ್ಲಿ ವ್ಯಂಗ್ಯ ಏನಿಲ್ಲ. ಅದೇ ವರ್ಷ ಜೂನಲ್ಲಿ ಪ್ರಧಾನಿಯವರು ಜಿಲ್ ಬೈಡನ್‌ಗೆ 7.5 ಕ್ಯಾರಟ್ ಹಸಿರು ಲ್ಯಾಬ್ ವಜ್ರ ಉಡುಗೊರೆ ಕೊಟ್ರು, ಚೆನ್ನಾಗೇ ಇತ್ತು. ಆದ್ರೆ ಈ ದುಡ್ಡು, ಈ ಯೋಜನೆ, ಇದೆಲ್ಲಾ ನಡೆದಿದ್ದು ವಾಣಿಜ್ಯ ಸಚಿವಾಲಯದ ಕಡೆಯಿಂದ, ರತ್ನ ಮತ್ತು ಆಭರಣ ರಫ್ತಿನ ಲೆಕ್ಕದಲ್ಲಿ. ಆ ಕಡೆ 2021ರ ಡಿಸೆಂಬರಲ್ಲಿ 76,000 ಕೋಟಿಯ ಸೆಮಿಕಂಡಕ್ಟರ್ ಯೋಜನೆ ಬಂತು, ಅದು ಎಲೆಕ್ಟ್ರಾನಿಕ್ಸ್ ಸಚಿವಾಲಯದ್ದು. ಒಬ್ಬರ ಹತ್ರ ವಜ್ರ ಇದೆ, ಚಿಪ್ಪು ಗೊತ್ತಿಲ್ಲ. ಇನ್ನೊಬ್ಬರ ಹತ್ರ ಚಿಪ್ಪಿದೆ, ವಜ್ರ ಅವರ ಸಬ್ಜೆಕ್ಟೇ ಅಲ್ಲ. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ಲ, ಹಂಗೂ ಅಲ್ಲ ಇದು, ಎತ್ತಿಗೂ ಕೋಣಕ್ಕೂ ಇನ್ನೂ ಪರಿಚಯವೇ ಆಗಿಲ್ಲ.

ನಿಜವಾಗ್ಲೂ ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ನಮ್ಮ ದೇಶ ಹಿಡಿದಿರೋ ದಾರಿ ಸರಿಯಾಗೇ ಇದೆ. ಲ್ಯಾಬಲ್ಲಿ ವಜ್ರ ಮಾಡೋಕೆ ಎರಡು ದಾರಿ. ಒಂದು, 1954ರಲ್ಲಿ ಜನರಲ್ ಎಲೆಕ್ಟ್ರಿಕಲ್ಲಿ ಟ್ರೇಸಿ ಹಾಲ್ ಮಾಡಿದಂಗೆ ಕಾರ್ಬನ್ನನ್ನ ಭಾರೀ ಒತ್ತಡ, ಭಾರೀ ಶಾಖದಲ್ಲಿ ಅಮುಕೋದು. ಚೀನಾದವರ ಜೋರು ಇದರಲ್ಲಿ. ಇನ್ನೊಂದು ಸಿವಿಡಿ, ಗ್ಯಾಸಿಂದ ಬೆಳೆಯೋದು, ಇದರಲ್ಲಿ ನಮ್ಮೋರು ಜೋರು. ಒಂದು ಉಕ್ಕಿನ ಪಾತ್ರೆ, ಒಳಗೆ ಹೈಡ್ರೋಜನ್, ಅದಕ್ಕೆ ಚೂರೇ ಚೂರು ಮೀಥೇನು, ಸಾಂಬಾರಿಗೆ ಇಂಗು ಹಾಕ್ದಂಗೆ. ಮೈಕ್ರೋವೇವ್ ಬಿಟ್ರೆ ಒಳಗೆ ಒಂದು ಬೆಳಕಿನ ಚೆಂಡು ಹೊತ್ಕೊಳ್ಳುತ್ತೆ. ಹೆಚ್ಚಿನ ಮಶೀನಲ್ಲಿ ಅದರ ಫ್ರೀಕ್ವೆನ್ಸಿ 2.45 ಗಿಗಾಹರ್ಟ್ಸ್, ನಿಮ್ಮ ಅಡುಗೆಮನೆ ಓವನ್ನಿನದ್ದೇ. ಆ ಚೆಂಡಿನ ಕೆಳಗೆ ಸೀಡ್ ಇಟ್ಟಿರ್ತಾರೆ, ಕಾರ್ಬನ್ ಬಂದು ಅದರ ಮೇಲೆ ಕೂರುತ್ತೆ, ವಜ್ರವಾಗಿ ಕೂರೋ ಬದಲು ಗ್ರಾಫೈಟಾಗಿ ಕೂತಿದ್ದನ್ನ ಹೈಡ್ರೋಜನ್ ತಿಂದು ಹಾಕುತ್ತೆ. ಗಂಟೆಗೆ ಕೆಲವು ಮೈಕ್ರಾನ್, ಅವಸರ ಮಾಡಿದ್ರೆ ಹತ್ತಿಪ್ಪತ್ತು. ನನ್ನ ಅರ್ಧ ಮಿಲಿಮೀಟರ್ ಪ್ಲೇಟಿಗೆ ದಿನಗಟ್ಟಲೆ ಬೇಕು, ನಡುವೆ ಕರೆಂಟ್ ಹೋದ್ರೆ ಬೆಳೆ ಹಾಳು. ರೈತರು ಮಾತಾಡ್ದಂಗೆ ಮಾತಾಡ್ತಾರೆ ಈ ಮಶೀನ್ ನೋಡ್ಕೊಳ್ಳೋರು, ಬೆಳೆ ಅಂತಲೇ.

ಚಿಪ್ಪಿಗೆ ಬೇಕಾಗೋ ಪ್ಲೇಟು, ವೇಫರ್ರು, ಎಲ್ಲಾ ಹೆಚ್ಚಾಗಿ ಬರೋದು ಈ ಸಿವಿಡಿ ದಾರೀಲೇ. ಒಡವೆ ರೇಟು ಬಿದ್ದಿದೆ, 2025ರ ಆಗಸ್ಟಲ್ಲಿ ಅಮೆರಿಕ 50 ಪರ್ಸೆಂಟ್ ಸುಂಕ ಹಾಕಿದಾಗ ಸೂರತ್ತಿನ ರತ್ನಕಲಾಕಾರರು, ಪಾಲಿಶ್ ಮಾಡೋರನ್ನ ಅಲ್ಲಿ ಹಂಗೇ ಕರೆಯೋದು, ಎಷ್ಟು ಒದ್ದಾಡಿದ್ರು ಅಂತ ಪೇಪರಲ್ಲಿ ಓದಿದೀವಿ. ಅಲ್ಲಿ ಮಶೀನಿಗೆ ಕೆಲಸ ಬೇಕು, ಇಲ್ಲಿ ನಾನು ಅದೇ ಜಾತಿ ಮಶೀನಲ್ಲಿ ಬೆಳೆದ ಕಪ್ಪು ಚೂರಿಗೆ ಡಾಲರ್ ಕೊಟ್ಟು 41 ದಿನ ಕಾಯ್ತೀನಿ. ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದಂಗೆ. ಬೆಂಗಳೂರಿನದೇ ನೆಕ್ಸ್ಟ್‌ಜೆನ್ ಅನ್ನೋ ಡೇಟಾ ಸೆಂಟರ್ ಕಂಪನಿ 2025ರಲ್ಲಿ ಅಮೆರಿಕದ ಆಕಾಶ್ ಸಿಸ್ಟಮ್ಸ್ ಜೊತೆ ವಜ್ರದಿಂದ ತಣ್ಣಗಾಗೋ ಸರ್ವರಿಗೆ ಒಪ್ಪಂದ ಮಾಡ್ಕೊಂಡಿದೆ. ಕೊಳ್ಳೋರು ಇಲ್ಲೇ ಇದಾರೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು.

ಹಂಗಂತ ಸೂರತ್ ಮಶೀನು ನಾಳೆ ಬೆಳಗ್ಗೆ ಚಿಪ್ ಪ್ಲೇಟು ಉದುರಿಸುತ್ತೆ ಅಂತ ನಾನು ಹೇಳ್ತಿಲ್ಲ. ಒಡವೆಗೆ ಒಂದೊಂದೇ ಸೀಡ್ ಮೇಲೆ ದಪ್ಪಗೆ ಬೆಳೀತಾರೆ, ನನ್ನದರಂಥ ಬಿಸಿ ಹರಡಿಸೋ ಪ್ಲೇಟಿಗೆ ಸಿಲಿಕಾನ್ ಬಿಲ್ಲೆ ಮೇಲೆ ಅಗಲಕ್ಕೆ ಬೆಳೀಬೇಕು, ದೊಡ್ಡ ಬಿಲ್ಲೆಗೆ 915 ಮೆಗಾಹರ್ಟ್ಸಿನ ದೊಡ್ಡ ಮಶೀನೇ ಬೇಕು. ಬೇಗ ಬೆಳೀಲಿ ಅಂತ ಒಡವೆಯವರು ಚೂರು ನೈಟ್ರೋಜನ್ ಬಿಡ್ತಾರೆ, ಟ್ರಾನ್ಸಿಸ್ಟರಿಗೆ ಆಗೋ ವಜ್ರದಲ್ಲಿ ಅದು ನೂರು ಕೋಟಿಗೆ ನಾಲ್ಕೈದು ಅಣುವಿನಷ್ಟೂ ಇರಬಾರ್ದು. ಪಾಲಿಶ್ ಇದೆಯಲ್ಲ, ಅದು ಇನ್ನೂ ಮಜಾ. ವಜ್ರಕ್ಕೆ ಮರದ ಥರ ನಾರು ಇದೆ, ಒಂದು ದಿಕ್ಕಲ್ಲಿ ಉಜ್ಜಿದ್ರೆ ಸವೆಯುತ್ತೆ, ಇನ್ನೊಂದು ದಿಕ್ಕಲ್ಲಿ ಉಜ್ಜಿದ್ರೆ ಉಜ್ಜೋ ಚಕ್ರವೇ ಸವೆಯುತ್ತೆ. ಸೂರತ್ತಿನ ಘಂಟಿ (ವಜ್ರ ಉಜ್ಜೋ ಚಕ್ರ) ಮೇಲೆ ಇಪ್ಪತ್ತು ವರ್ಷ ಕೂತ ಕೈಗೆ ಆ ದಿಕ್ಕು ಸದ್ದಲ್ಲೇ ಗೊತ್ತಾಗುತ್ತೆ. ಚಿಪ್ಪಿಗೆ ಬೇಕಾಗೋ ನುಣುಪು ನ್ಯಾನೋಮೀಟರಿಗಿಂತ ಕಡಿಮೆ, ಅದು ಘಂಟೀಲಿ ಬರಲ್ಲ, ಬೇರೆ ಮಶೀನು ಬೇಕು, ಆದ್ರೆ ಆ ಮಶೀನಿನ ಮುಂದೆ ನಿಲ್ಲಿಸೋಕೆ ಆ ಕೈಗಿಂತ ಒಳ್ಳೇ ಕೈ ಜಗತ್ತಲ್ಲಿ ಎಲ್ಲಿದೆ?

ಇದು ಬರೀ ಗುಜರಾತಿನ ಕಥೆ ಅಂತ ನಮ್ಮ ಬೆಂಗಳೂರಿನವರು ಅಂದ್ಕೋಬಾರ್ದು. ವಜ್ರವನ್ನ ಒಡವೆ ಅಂತ ನೋಡದೆ ಹರಳು ಅಂತ ನೋಡಿದ ಊರು ಇದು. 1940ರ ದಶಕದಲ್ಲಿ ಸಿ.ವಿ. ರಾಮನ್ ಇಲ್ಲಿನ ಐಐಎಸ್‌ಸಿಯಲ್ಲಿ ಕೂತು ರಾಶಿ ರಾಶಿ ವಜ್ರ ಗುಡ್ಡೆ ಹಾಕ್ಕೊಂಡು ಅದರಲ್ಲಿ ಬೆಳಕು ಏನ್ ಮಾಡುತ್ತೆ ಅಂತ ನೋಡ್ತಿದ್ರು. ಅವರ ಲ್ಯಾಬಲ್ಲಿ ಅನ್ನಾ ಮಣಿ ಅಂತ ಒಬ್ಬ ಹೆಣ್ಣುಮಗಳು, ಕೇರಳದೋರು, ಮೂವತ್ತಕ್ಕೂ ಹೆಚ್ಚು ವಜ್ರಗಳ ಸ್ಪೆಕ್ಟ್ರಮ್, ಅಂದ್ರೆ ವಜ್ರದಿಂದ ಬಂದ ಬೆಳಕನ್ನ ಬಣ್ಣ ಬಣ್ಣವಾಗಿ ಬಿಡಿಸಿದ ಚಿತ್ರ, ತೆಗೆದ್ರು. ಒಂದೊಂದು ಫೋಟೋ ಪ್ಲೇಟಿಗೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬಿಡ್ಬೇಕಿತ್ತು, ರಾತ್ರಿ ಲ್ಯಾಬಲ್ಲೇ ಮಲಗೋರು. ಐದು ಪೇಪರ್ ಬರೆದ್ರು, ಥೀಸಿಸ್ ಕೊಟ್ರು, ಎಂಎಸ್‌ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡ್ಲಿಲ್ಲ. ಕೆಲಸ ಇತ್ತು, ಕಾಲಂ ತುಂಬಿರ್ಲಿಲ್ಲ. ನನ್ನ ಪ್ಲೇಟು ಕಸ್ಟಮ್ಸಲ್ಲಿ ಕೂತಿದ್ದಾಗ ನನಗೆ ನೆನಪಾಗಿದ್ದು ಅವರೇ. ಇವತ್ತಿಗೂ ಜಗತ್ತಿನ ಯಾವ ಮೂಲೇಲಿ ಸಿವಿಡಿ ಪ್ಲೇಟು ಬೆಳೆದ್ರೂ ಅದು ನಿಜವಾದ ವಜ್ರವೋ ಗ್ರಾಫೈಟ್ ಸೇರಿದೆಯೋ ಅಂತ ಮೊದ್ಲು ನೋಡೋದು ರಾಮನ್ ಸ್ಪೆಕ್ಟ್ರಮ್ಮಲ್ಲೇ, 1332 ಅನ್ನೋ ಜಾಗದಲ್ಲಿ ಒಂದೇ ಒಂದು ಚೂಪು ಗೆರೆ ಬಂದ್ರೆ ಪಾಸು.

ಈಗ ನಾನು ಕೇಳೋದು. ದುಡ್ಡು ಕೊಡಿ ಅಂತ ಅಲ್ಲ, ಇದರಲ್ಲಿ ಹೆಚ್ಚಿನದಕ್ಕೆ ಸಹಿ ಸಾಕು.

ಸುಂಕದ ಕೋಡಲ್ಲಿ ಮೊದಲ ಆರು ಅಂಕಿ ಅಂತರರಾಷ್ಟ್ರೀಯ, ಕೊನೇ ಎರಡು ನಮ್ಮ ಕೈಲೇ ಇದೆ. ಆ ಎರಡಂಕೀಲಿ ಥರ್ಮಲ್ ಮತ್ತೆ ಎಲೆಕ್ಟ್ರಾನಿಕ್ ಗ್ರೇಡಿನ ವಜ್ರದ ಪ್ಲೇಟು, ವೇಫರಿಗೆ ಅಂತ ಒಂದು ಸಾಲು ಮಾಡಿ. ಅಷ್ಟಾದ್ರೆ ಯಾವ ಅಧಿಕಾರಿಯೂ ನನ್ನ ಕಪ್ಪು ಚೂರಿಗೆ ಕ್ಲಾರಿಟಿ ಸರ್ಟಿಫಿಕೇಟ್ ಕೇಳಲ್ಲ, ಇನ್ನೊಂದು ಲಾಭ ಅಂದ್ರೆ ದೇಶಕ್ಕೆ ಇದು ಎಷ್ಟು ಬರ್ತಿದೆ ಎಷ್ಟು ಹೋಗ್ತಿದೆ ಅನ್ನೋ ಲೆಕ್ಕ ನಿಮಗೇ ಸಿಗುತ್ತೆ.

ಎರಡ್ನೇದು ಅಳತೆ, ನನ್ನ ಪ್ರಕಾರ ಇದೇ ಮುಖ್ಯ. ಸೂರತ್ತಿನ ಆ ಭಾಯ್ ಅಳೆದಿಲ್ಲ ಅಂದ್ರಲ್ಲ, ಅಳೀಬೇಕು ಅಂದ್ರೂ ಎಲ್ಲಿ ಕೊಡ್ಬೇಕು ಅಂತ ಅವರಿಗೆ ಗೊತ್ತಿಲ್ಲ. ಒಡವೆ ವಜ್ರಕ್ಕೆ ಸರ್ಟಿಫಿಕೇಟ್ ಕೊಡೋ ಲ್ಯಾಬು ಬೀದಿಗೊಂದಿದೆ. ಐಐಎಸ್‌ಸಿಯ ಸೆನ್ಸ್ ವಿಭಾಗದಲ್ಲಿ ಹೊರಗಿನೋರು ಫೀಸ್ ಕಟ್ಟಿ ಸ್ಯಾಂಪಲ್ ಟೆಸ್ಟ್ ಮಾಡಿಸೋ ವ್ಯವಸ್ಥೆ ಈಗಾಗ್ಲೇ ಇದೆ, ಅಂಥ ಕಡೆ ವಜ್ರದ ಪ್ಲೇಟಿಗೆ ಅಂತಲೇ ಒಂದು ಪ್ಯಾಕೇಜ್ ಮಾಡಿ: ಶಾಖ ಎಷ್ಟು ಹರಿಯುತ್ತೆ, ನೈಟ್ರೋಜನ್ ಎಷ್ಟಿದೆ, ನುಣುಪೆಷ್ಟು, ಬಾಗಿದೆಯಾ. ಒಂದು ಹಾಳೆ ರಿಪೋರ್ಟು, ಹದಿನೈದು ದಿನದಲ್ಲಿ. ಆ ಹಾಳೆ ಇಲ್ದೆ ಯಾವ ಚಿಪ್ ಕಂಪನಿಯೂ ಪ್ಲೇಟನ್ನ ಕೈಯಲ್ಲೂ ಮುಟ್ಟಲ್ಲ.

ಆಮೇಲೆ ಮದ್ರಾಸ್ ಐಐಟಿಯ ಆ ಸೆಂಟರಿನ ಗುರಿಗಳಲ್ಲಿ ಸೀಡು, ಮಶೀನಿನ ಜೊತೆ ಇಂಥ ಸೈಜಿನ ಇಂಥ ಗ್ರೇಡಿನ ಪ್ಲೇಟು ಇಷ್ಟು ಅಂತ ಸಂಖ್ಯೇಲಿ ಬರೆಸಿ, ಅದನ್ನ ನೋಡೋ ಕಮಿಟೀಲಿ ಸೆಮಿಕಂಡಕ್ಟರ್ ಕಡೆಯೋರನ್ನೂ ಕೂರಿಸಿ. ಮೊದಲನೇ ಆರ್ಡರ್ ಸರ್ಕಾರದ ಕಡೆಯಿಂದ್ಲೇ ಬರ್ಲಿ, ರೇಡಾರಿಗೋ ಸರ್ಕಾರದ್ದೇ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕಿನ ಸರ್ವರಿಗೋ ಐನೂರು ಪ್ಲೇಟು ಅಂತ ಟೆಂಡರ್ ಕರೆದ್ರೂ ಸಾಕು, ಸೂರತ್ತಿನೋರು ಬಿಸಿನೆಸ್ ಜನ, ಟೆಂಡರ್ ಕಂಡ್ರೆ ರೆಸಿಪಿ ಅವರೇ ಕಲೀತಾರೆ. ಪ್ಯಾಕೇಜಿಂಗ್ ಫ್ಯಾಕ್ಟರಿಗಳು ಏಳ್ತಿವೆ, ನಮ್ಮ ಮೈಸೂರಿನ ಕೇನ್ಸ್ ಕಂಪನಿಯೇ ಗುಜರಾತಿನ ಸಾಣಂದಕ್ಕೆ ಹೋಗಿ ಹಾಕಿದೆ. ವಜ್ರ ಚಿಪ್ಪಿನ ಲೋಕಕ್ಕೆ ಮೊದ್ಲು ಕಾಲಿಡೋದೇ ಆ ಬಾಗಿಲಿಂದ, ಚಿಪ್ಪಿಗೆ ಮೈ ತೊಡಿಸೋ ಜಾಗದಿಂದ. ಸಾಣಂದದಿಂದ ಸೂರತ್ತಿಗೆ ಹೆದ್ದಾರೀಲಿ ಅರ್ಧ ದಿನವೂ ಬೇಡ.

ನಮ್ಮ ಮಾಡ್ಯೂಲ್ ಏನಾಯ್ತು ಅಂತ ಕೇಳಿದ್ರೆ, ಎರಡು ಪ್ಲೇಟಲ್ಲಿ ಒಂದನ್ನ ಸೋಲ್ಡರ್ ಮಾಡೋವಾಗ ನಾವೇ ಹಾಳು ಮಾಡಿದ್ವಿ. ವಜ್ರ ಬಿಸಿಗೆ ಹಿಗ್ಗೋದೇ ಇಲ್ಲ ಅನ್ನೋಷ್ಟು ಕಮ್ಮಿ, ಕೆಳಗಿನ ತಾಮ್ರ ಧಾರಾಳವಾಗಿ ಹಿಗ್ಗುತ್ತೆ, ತಣ್ಣಗಾಗೋವಾಗ ಟಿಕ್ ಅಂತ ಒಂದು ಸದ್ದು, ಅಷ್ಟೇ, ಎರಡು ಹೋಳು. ನಡುವೆ ಇನ್ನೊಂದು ಲೋಹದ ಪದರ ಹಾಕ್ಬೇಕು ಅಂತ ಈಗ ಗೊತ್ತು. ಇನ್ನೂ ನಾಲ್ಕು ಪ್ಲೇಟು ಬೇಕು, ಈ ಸಲ ಆರ್ಡರ್ ಎಲ್ಲಿಗೆ ಕೊಡ್ಬೇಕು ಅನ್ನೋದು ನಿಮ್ಮ ಉತ್ತರದ ಮೇಲಿದೆ. ಮುರಿದ ಹೋಳು ನನ್ನ ಡ್ರಾಯರಲ್ಲೇ ಇದೆ, ಐಸ್ ಕೊಯ್ಯೋಕೆ ಅದೇ ಸಾಕು. ಎರಡೂ ಸಚಿವಾಲಯದೋರು ಒಟ್ಟಿಗೆ ಬೆಂಗಳೂರಿಗೆ ಬರೋ ದಿನ ಹೇಳಿ, ಮಂಜಕ್ಕನಿಗೆ ಹೇಳಿ ಫ್ರಿಜ್ಜಲ್ಲಿ ಟ್ರೇ ತುಂಬಿಸಿಡ್ತೀನಿ.

ಇಂತಿ,
ಪೀಣ್ಯದ ಒಬ್ಬ ಇಂಜಿನಿಯರ್